ಎಲ್ಲ ಬಾಗಿಲಿಗೂ ಒಂದೇ ಬೀಗದ ಕೈ

ಟಾರ್ನಿ ಬೀಗದ ಕೈಯನ್ನು ಕಚೇರಿಯ ಮೇಜಿನ ಮೇಲಿಟ್ಟು, ಅದು ಕಚ್ಚೀತು ಎಂಬಂತೆ ಹಿಂದೆ ಸರಿದು ನಿಂತಳು.

"ಬೇಡ ಕಣಕ್ಕಾ. ಆ ಮನೆ ಅಂಗಡಿಗೆ ದೂರ ಆಗುತ್ತೆ."

ರೊವೀನಾ ಕನ್ನಡಕ ತೆಗೆದು ಅವಳ ಮುಖ ನೋಡಿದಳು. ನದಿಯಂಚಿನ ಆ ಊರಿನಲ್ಲಿ ಅಂಗಡಿಗೆ ದೂರ ಅನ್ನುವ ಮನೆಯೇ ಇಲ್ಲ. ಒಂದು ಸಿಗರೇಟು ಸೇದಿ ಮುಗಿಸುವಷ್ಟರಲ್ಲಿ ಊರೂ ಮುಗಿಯುತ್ತದೆ. ಟಾರ್ನಿ ಮಲಗುತ್ತಿದ್ದುದು ದೊಡ್ಡಮ್ಮನ ಮಗಳ ಮನೆಯ ನಡುಮನೆಯಲ್ಲಿ, ಅವರ ಮಕ್ಕಳು, ನಾಯಿಗಳ ಮಧ್ಯೆ. ಅವಳ ಸ್ವಂತ ಮಕ್ಕಳಿಬ್ಬರನ್ನು ಸರಕಾರದವರು ಒಯ್ದು ದೂರದ ಊರಲ್ಲಿ ಯಾರದೋ ಮನೆಯಲ್ಲಿ ಬಿಟ್ಟಿದ್ದರು. ಅವಳಿಗೊಂದು ಮನೆಯಾದರೆ ಮಕ್ಕಳು ವಾಪಸ್ಸು, ಆಗದಿದ್ದರೆ ಇಲ್ಲ. ಬರುವ ಶುಕ್ರವಾರ ಕೋರ್ಟಿನಲ್ಲಿ ಅದು ತೀರ್ಮಾನವಾಗಬೇಕಿತ್ತು.

"ಮಕ್ಕಳು ಬೇಡ್ವೇನೇ ನಿಂಗೆ?"

ಹಾಗೆ ಕೇಳಬಾರದಿತ್ತು. "ಆ ಮನೆಗೆ ಹಾಕಿದ ಹೊಗೆ ಸರಿಯಾಗಿಲ್ವಂತೆ ಅಕ್ಕಾ. ಅಲ್ಲಿ ಮಕ್ಕಳನ್ನ ಹೆಂಗೆ ಮಲಗಿಸ್ಲಿ?" ಎಂದವಳೇ ತಲೆ ತಗ್ಗಿಸಿಕೊಂಡು ಹೊರಟುಹೋದಳು.

ಅವಳಿಗೂ ಮೊದಲು ಇಬ್ಬರು ಅದೇ ಬೀಗದ ಕೈಯನ್ನು ಹಿಂದಿರುಗಿಸಿದ್ದರು. ಒಬ್ಬನ ನಾಯಿಗೆ ಆ ಅಂಗಳ ಹಿಡಿಸಲಿಲ್ಲವಂತೆ. ಇನ್ನೊಬ್ಬಳಿಗೆ ಮೆಟ್ಟಿಲು ಹತ್ತಿದರೆ ಮೊಣಕಾಲು ನೋವಂತೆ. ಆ ಮನೆಗೆ ಇರುವುದೇ ಒಂದು ಮೆಟ್ಟಿಲು. ನಮ್ಮ ಜನ ಒಲ್ಲೆ ಎನ್ನುವುದನ್ನು ಎದುರಿಗೆ ಹೇಳುವವರಲ್ಲ, ನಾಯಿಯಿಂದಲೋ ಮೊಣಕಾಲಿನಿಂದಲೋ ಹೇಳಿಸುತ್ತಾರೆ. ಅರ್ಥ ಮಾಡಿಕೊಳ್ಳುವುದು ಕೇಳಿಸಿಕೊಂಡವರ ಪಾಡು.

ರೊವೀನಾ ಹುಟ್ಟಿದ್ದು ಅದೇ ಊರಿನಲ್ಲಿ, ಆ ನೆಲದ ಮೂಲನಿವಾಸಿಗಳಾದ ಅದೇ ಕಪ್ಪು ಜನರಲ್ಲಿ. ಆದರೆ ಸಿಡ್ನಿಯಲ್ಲಿ ಓದಿ, ಅಲ್ಲಿನ ಗಾಜಿನ ಕಚೇರಿಗಳಲ್ಲಿ ವರ್ಷಗಟ್ಟಲೆ ದುಡಿದು, ಆಮೇಲೆ ಊರಿಗೆ ಮರಳಿ ಈ ಸಂಸ್ಥೆಯ ಮುಖ್ಯಸ್ಥೆಯಾಗಿದ್ದಳು. ನಮ್ಮವರ ಮನೆಗಳನ್ನು ನಮ್ಮವರೇ ನೋಡಿಕೊಳ್ಳುವ ಸಂಸ್ಥೆ ಅದು. ಊರವರ ಬಾಯಲ್ಲಿ ಬರೀ 'ಹೌಸಿಂಗ್'. ಅದರ ಎಲ್ಲ ಮನೆಗಳ ಬಾಗಿಲೂ ತೆರೆಯುವ ಒಂದು ಬೀಗದ ಕೈ ಯಾವಾಗಲೂ ಅವಳ ಜೇಬಿನಲ್ಲಿರುತ್ತಿತ್ತು.

ಈಗ ಖಾಲಿ ಬಿದ್ದಿದ್ದು ಆಂಟಿ ಮಾವಿಸ್ ಇದ್ದ ಮನೆ. ಆಕೆಯ ಗಂಡ ತೀರಿಕೊಂಡಿದ್ದು ಅದರ ಮುಂದಿನ ಕೋಣೆಯಲ್ಲಿ. ತೀರಿಕೊಂಡವರ ಹೆಸರು ನಾವು ಎತ್ತುವುದಿಲ್ಲ, ಹಾಗಾಗಿ ಮುದುಕ ಎಂದಿಟ್ಟುಕೊಳ್ಳಿ. ಸಾವಾದ ಮನೆಯನ್ನು ಮನೆಯವರು ಬಿಟ್ಟು ಹೊರಡುತ್ತಾರೆ. ಸತ್ತವರನ್ನು ಕಳಿಸಿಕೊಡಲು ಹಾಕುವ ಹಸಿ ನೀಲಗಿರಿ ಸೊಪ್ಪಿನ ಹೊಗೆ ಮೂಲೆಮೂಲೆಗೂ ಹೋದ ಮೇಲೆಯೇ ಬೇರೆಯವರು ಅಲ್ಲಿ ಕಾಲಿಡುವುದು. ಆಂಟಿ ಮಾವಿಸ್ ಸೇತುವೆಯಾಚೆ ಮಗಳ ಮನೆ ಸೇರಿದ್ದರು. ತಿಂಗಳುಗಳು ಉರುಳಿದವು, ಹೊಗೆಯ ಸುದ್ದಿ ಯಾರೂ ಎತ್ತಲಿಲ್ಲ. ಇತ್ತ ಸಿಡ್ನಿಯ ಸರಕಾರಿ ಕಚೇರಿಯಿಂದ ಫೋನಿನ ಮೇಲೆ ಫೋನು: ಜನ ಬೀದಿಯಲ್ಲಿರುವಾಗ ಮನೆಯೊಂದು ಖಾಲಿ ಏಕೆ?

ದುಃಖದಲ್ಲಿರುವ ಮುದುಕಿಗೆ ತೊಂದರೆ ಕೊಡುವುದೇಕೆ ಎಂದುಕೊಂಡು, ನದಿಯ ಕೆಳಹರಿವಿನ ಇನ್ನೊಂದು ಊರಿನಿಂದ ಕ್ಲೆಮ್ ಎಂಬಾತನನ್ನು ರೊವೀನಾ ಕರೆಸಿದಳು. ಕಚೇರಿಗಳ ಉದ್ಘಾಟನೆಗೆಲ್ಲ ಹೊಗೆ ಹಾಕಿಕೊಡುವ ಮನುಷ್ಯ ಆತ. ತನ್ನ ಜೇಬಿನ ಬೀಗದ ಕೈಯಿಂದ ಬಾಗಿಲು ತೆಗೆದಳು. ಕ್ಲೆಮ್ ಹೊಗೆಯ ಬಾಣಲೆ ಹಿಡಿದು ಒಂದು ಸುತ್ತು ಹಾಕಿ, ಸ್ಯಾಂಡ್‌ವಿಚ್ ತಿಂದು ಹೋದ. ಮರುದಿನ ಗೋಡೆಗೆ ಬಣ್ಣವೂ ಆಯಿತು. ಊರಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಅದನ್ನು ಅವಳು ಒಪ್ಪಿಗೆ ಎಂದುಕೊಂಡಳು. ಬಹಳ ವರ್ಷ ಊರು ಬಿಟ್ಟವರಷ್ಟೇ ಹಾಗೆ ಅಂದುಕೊಳ್ಳುತ್ತಾರೆ.

ಟಾರ್ನಿ ಹೋದ ಮೇಲೆ ರೊವೀನಾ ಸೇತುವೆ ದಾಟಿದಳು.

ಆಂಟಿ ಮಾವಿಸ್ ಮಗಳ ಹಿತ್ತಲಿನಲ್ಲಿ ಕೆಂಡದ ಮೇಲೆ ರೊಟ್ಟಿ ಸುಡುತ್ತಿದ್ದರು. ತಲೆ ಎತ್ತಲಿಲ್ಲ.

"ಹೌಸಿಂಗ್ ಬಂತು ನೋಡ್ರೇ! ಮನೆ ಗುಡಿಸಿದೀರಾ?" ಎಂದು ಒಳಗಿದ್ದವರಿಗೆ ಕೂಗಿ ಹೇಳಿದರು. ಒಳಗಿನಿಂದ ನಗು ಬಂತು.

ರೊವೀನಾ ಒಂದು ಮರದ ಕೊರಡಿನ ಮೇಲೆ ಕುಳಿತಳು. ಚಹಾ ಬಂತು, ರೊಟ್ಟಿ ಬಂತು. ಯಾರ ಸೊಂಟನೋವು, ಯಾವ ಮೀನು ಎಲ್ಲಿ ಗಾಳ ಕಚ್ಚುತ್ತಿದೆ, ಎಲ್ಲ ಆಯಿತು. ಮನೆಯ ಮಾತು ಬರಲಿಲ್ಲ. ಅದನ್ನು ತಾನೇ ತೆಗೆಯಬೇಕೆಂದು ಅವಳಿಗೆ ಗೊತ್ತಾಯಿತು.

"ಆಂಟಿ, ನಾನೊಂದು ತಪ್ಪು ಮಾಡ್ದೆ."

"ಒಂದೇನಾ? ಪರವಾಗಿಲ್ವೇ."

"ದುಃಖದಲ್ಲಿದೀರ, ತೊಂದ್ರೆ ಕೊಡೋದು ಬೇಡ ಅಂತ..."

"ಸಿಡ್ನಿಯೋರನ್ನ ಕೇಳ್ದೆ. ಆ ಕ್ಲೆಮ್‌ನ ಕೇಳ್ದೆ. ಬಣ್ಣ ಹೊಡೆಯೋನ್ನೂ ಯಾವ ಬಣ್ಣ ಚೆಂದ ಅಂತ ಕೇಳ್ದೆ." ಮುದುಕಿ ರೊಟ್ಟಿಯ ಬೂದಿಯನ್ನು ಪಟಪಟನೆ ಕೊಡವಿದರು. "ನನ್ನ ಗಂಡ ಇನ್ನೂ ಒಳಗೇ ಕೂತಿದ್ದ ಕಣೇ. ಅವನಿಗೆ ಕ್ಲೆಮ್ ಯಾರು? ನಲವತ್ತು ವರ್ಷ ನಾನು ಏಳು ಅಂದ್ರೇ ಏಳ್ತಿರ್ಲಿಲ್ಲ, ಕ್ಲೆಮ್ ಬಂದು ಹೊಗೆ ಹಾಕಿದ್ರೆ ಎದ್ದು ಹೋಗ್ತಾನಾ?"

ರೊವೀನಾಗೆ ನಗು ಬಂತು, ನಗಲು ಧೈರ್ಯವಾಗಲಿಲ್ಲ.

"ನಾವು ಚಿಕ್ಕೋರಿದ್ದಾಗ ನದಿ ದಂಡೇಲಿ ತಗಡಿನ ಮನೆ," ಎಂದರು ಆಂಟಿ ಮಾವಿಸ್. ದನಿ ತಗ್ಗಿತ್ತು. "ಸರಕಾರದೋನು ಬರ್ತಿದ್ದ. ಒಂದಿನಾನೂ ಬಾಗಿಲು ತಟ್ಟಿದೋನಲ್ಲ. ಸೀದಾ ನುಗ್ಗಿ ಪಾತ್ರೆ ಮುಚ್ಚಳ ತೆಗೆದು ನೋಡೋನು, ಹಾಸಿಗೆ ಎತ್ತಿ ನೋಡೋನು. ಹಂಗೆ ನುಗ್ಗಿದ ದಿನಾನೇ ನನ್ನ ತಮ್ಮನ್ನ ಎತ್ಕೊಂಡು ಹೋಗಿದ್ದು. ಆಮೇಲೆ ನಾನು, ನಿಮ್ಮಮ್ಮ, ಇನ್ನೊಂದಿಬ್ರು ಸೇರಿ ಈ ಹೌಸಿಂಗ್ ಕಟ್ಟಿದ್ವಿ. ತಗಡು ಎಲ್ಲಿ ಬೇಕಾದ್ರೂ ಸಿಗ್ತಿತ್ತು. ಬಾಗಿಲು ತಟ್ಟಿ ಬರೋ ಮಾಲೀಕರು ಸಿಗ್ತಿರ್ಲಿಲ್ಲ."

ರೊವೀನಾಗೆ ಮುಖ ಎತ್ತಲಾಗಲಿಲ್ಲ. ಅವಳಿಗೆ ನಿಜವಾಗಿ ನಾಚಿಕೆಯಾಗಿತ್ತು. ಕಚೇರಿಯ ಗೋಡೆಯ ಮೇಲೆ ಅಮ್ಮನ ಪಟವಿತ್ತು, ದಿನವೂ ಅದರ ಕೆಳಗೇ ಕೂರುತ್ತಿದ್ದಳು.

"ಹೊಟ್ಟೆಗೆ ಹಾಕ್ಕೊಳ್ಳಿ ಆಂಟಿ."

"ಹೊಟ್ಟೇಲಿ ಜಾಗ ಇಲ್ಲ, ಈಗ ತಾನೇ ಮೀನು ತಿಂದೆ." ಮುದುಕಿ ಇನ್ನೊಂದು ರೊಟ್ಟಿ ತಟ್ಟಿ ಕೆಂಡಕ್ಕೆ ಹಾಕಿದರು. "ಆ ಮನೆ ಯಾರಿಗೆ ಅಂತ ಮಾಡಿದೀಯ?"

"ಟಾರ್ನಿಗೆ. ಶುಕ್ರವಾರ ಕೋರ್ಟಿದೆ. ಅವತ್ತು ಮನೆ ಇಲ್ಲ ಅಂದ್ರೆ ಮಕ್ಕಳು ಬರಲ್ಲ."

ಆಂಟಿ ಮಾವಿಸ್ ಕೆಂಡವನ್ನೇ ನೋಡುತ್ತ ಕುಳಿತರು. ರೊಟ್ಟಿಯ ಒಂದು ಮಗ್ಗುಲು ಸೀದುಹೋಯಿತು.

"ನಾಳಿದ್ದು ಬೆಳಿಗ್ಗೆ ಕಾರು ತಗೊಂಡು ಬಾ. ಸೊಪ್ಪು ನಾನೇ ಕೀಳ್ತೀನಿ. ನೀನು ಬಿಟ್ರೆ ಕಚೇರಿ ಕುಂಡದಲ್ಲಿರೋದನ್ನ ಕಿತ್ಕೊಂಡು ಬರ್ತೀಯ."

ಆ ಬೆಳಿಗ್ಗೆ ಯಾರಿಗೂ ಹೇಳಿಕಳಿಸದಿದ್ದರೂ ಊರೆಲ್ಲ ಆ ಬೀದಿಯಲ್ಲಿತ್ತು. ನಾಯಿಯವನೂ ಬಂದಿದ್ದ, ಮೊಣಕಾಲಿನವಳೂ ಬಂದಿದ್ದಳು. ಟಾರ್ನಿ ಬೇಲಿಯ ಹೊರಗೆ ನಿಂತಿದ್ದಳು. ರೊವೀನಾ ಅಭ್ಯಾಸಬಲದಿಂದ ಜೇಬಿನ ಬೀಗದ ಕೈ ತೆಗೆದು ಬಾಗಿಲಿನತ್ತ ಕೈ ಚಾಚಿದಳು. ಆಂಟಿ ಮಾವಿಸ್ ಸೊಪ್ಪಿನ ಕಟ್ಟಿನಿಂದ ಅವಳ ಮಣಿಕಟ್ಟಿಗೆ ಒಂದು ಬಿಗಿದರು.

ಆಮೇಲೆ ಖಾಲಿ ಮನೆಯ ಬಾಗಿಲನ್ನು ತಟ್ಟಿದರು. ತಟ್ಟಿ ಕಾದರು.

"ಈಗ ತೆಗಿ," ಎಂದರು.

ಮೊದಲು ಒಳಗೆ ಹೋದವರು ಅವರೇ. ಹಿಂದೆಯೇ ಹೊಗೆ ಹೋಯಿತು. "ಸಾಕು ಏಳೋ ಮುದುಕಾ! ಎಷ್ಟೂಂತ ಕೂರ್ತೀಯ? ಮಕ್ಕಳು ಬರ್ತಾವೆ, ಜಾಗ ಬಿಡು, ನಿಮ್ಮಮ್ಮನ ಹತ್ರ ಹೋಗು," ಎಂದು ಕೋಣೆಯಿಂದ ಕೋಣೆಗೆ ಬೈಯುತ್ತ ಹೋದರು. ಕೊನೆಯ ಕೋಣೆಗೆ ಹೋಗುವಷ್ಟರಲ್ಲಿ ಬೈಗುಳ ಅಳುವಾಗಿತ್ತು. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು, ಹೊಗೆಗೆ ಎಂದರು. ಆ ಮನೆಯ ಬೀಗದ ಕೈಯನ್ನು ರೊವೀನಾಳಿಂದ ಇಸಿದುಕೊಂಡು, ಟಾರ್ನಿಯನ್ನು ಕರೆದು ಅವಳ ಅಂಗೈಯಲ್ಲಿಟ್ಟರು. ಈ ಸಲ ಅವಳು ಹಿಂದೆ ಸರಿಯಲಿಲ್ಲ.

ಶುಕ್ರವಾರ ಕೋರ್ಟು ಮಕ್ಕಳನ್ನು ತಾಯಿಗೆ ಕೊಟ್ಟಿತು.

ಮುಂದಿನ ವಾರ ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದು ಟಾರ್ನಿ ಹೇಳಿಕಳಿಸಿದಳು. ರೊವೀನಾ ತಾನೇ ನೋಡಲು ಹೋಗಿ ಬಾಗಿಲು ತಟ್ಟಿದಳು.

"ಯಾರದು?"

"ನಾನು, ರೊವೀನಾ. ಬರಬಹುದಾ?"

ಒಳಗೆ ಮಕ್ಕಳು ಏನಕ್ಕೋ ಜಗಳವಾಡುತ್ತಿದ್ದರು.

"ಈಗಾಗಲ್ಲ ಅಕ್ಕಾ, ಊಟ ಮಾಡಿಸ್ತಿದೀನಿ. ಸ್ವಲ್ಪ ಇರು!"

ಆ ಸ್ವಲ್ಪ ಸ್ವಲ್ಪವಾಗಿರಲಿಲ್ಲ. ಬಿಸಿಲು ಸುಡುತ್ತಿತ್ತು, ನೊಣಗಳು ಕಣ್ಣಿಗೇ ಬರುತ್ತಿದ್ದವು. ಎಲ್ಲ ಬಾಗಿಲಿಗೂ ಆಗುವ ಬೀಗದ ಕೈ ಜೇಬಿನಲ್ಲೇ ಇತ್ತು. ರೊವೀನಾ ಆ ಒಂದೇ ಮೆಟ್ಟಿಲಿನ ಮೇಲೆ ಕುಳಿತು, ಮಕ್ಕಳ ಊಟ ಮುಗಿಯುವವರೆಗೆ ಕಾದಳು.