ಓಡಿಹೋದಾಕಿ ಹೊಲ

ಹನಮಂತವ್ವ ಪೇಂಟರ್ ಗೌಸಸಾಬನ ಕೈಯಿಂದ ಬ್ರಷ್ ಕಸಿದುಕೊಂಡಳು. ನೀಲಿ ಬಣ್ಣ ಅವಳ ಮೊಣಕೈವರೆಗೆ ಹರಿಯಿತು.

"ಏ ಯವ್ವಾ, ಬ್ರಷ್ ಕೊಡಬೇ. ಬಣ್ಣ ಒಣಗತೈತಿ."

"ಒಣಗ್ಲಿ. ನನ್ನ ಹೊಲದ ಹೆಸರು ಹೆಂಗ ಐತಿ ಹಂಗ ಬರಿ. ಇಲ್ಲಂದ್ರ ಇದನ್ನ ಒಯ್ದು ಬಾವ್ಯಾಗ ಒಗೀತೀನಿ."

(ಇಲ್ಲಿಂದ ಶುರುಮಾಡಬಹುದೇ? ಮೊದಲ ಡ್ರಾಫ್ಟ್ "ಕಪ್ಪತಗುಡ್ಡದ ಮಗ್ಗುಲಲ್ಲಿ ಒಂದು ಊರು" ಎಂದು ಶುರುವಾಗಿ, ಎರಡನೇ ಸಾಲಿಗೇ ಸಮಾಜ ವಿಜ್ಞಾನದ ಪಾಠವಾಯಿತು. ಎರಡನೆಯದರಲ್ಲಿ ಮಂಜು ಇತ್ತು. ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಬೆಟ್ಟದ ಹಳ್ಳಿಗಳೆಲ್ಲ ಮಂಜಿನಲ್ಲಿ ಮುಳುಗಿರುತ್ತವೆ. ನಮ್ಮ ಗುಡ್ಡದಲ್ಲಿ ಇರುವುದು ಗಾಳಿ, ಕೆಂಪು ಮಣ್ಣು, ಮತ್ತೆ ಗಾಳಿ. ಮಂಜನ್ನು ಅಳಿಸಿದೆ. ಡ್ರಾಫ್ಟಿನಲ್ಲಿ ಏನೂ ಉಳಿಯಲಿಲ್ಲ.)

ಬ್ರಷ್ ಸದ್ಯ ಹನಮಂತವ್ವನ ಕೈಯಲ್ಲೇ ಇರಲಿ. ಅಷ್ಟರಲ್ಲಿ ನಿಮಗೆ ಊರು ತೋರಿಸುತ್ತೇನೆ.

೧

ಊರಿಗೆ ಗಾಳಿಕಣವಿ ಎಂದು ಹೆಸರಿಟ್ಟಿದ್ದೇನೆ. (ಗೂಗಲ್ ಮಾಡಬೇಡಿ.) ಎರಡು ದಿಬ್ಬಗಳ ನಡುವಿನ ಸಂದಿನಲ್ಲಿ ಒಂದಿಷ್ಟು ಮನೆಗಳು. ಆಚೆ ಇಳಿದರೆ ಮುಂಡರಗಿ, ಈಚೆ ಇಳಿದರೆ ಶಿರಹಟ್ಟಿ. ಮೇಲೆ ಗಾಳಿ ಫ್ಯಾನುಗಳು, ಕೆಳಗೆ ಜೋಳ, ಶೇಂಗಾ, ಉಳ್ಳಾಗಡ್ಡಿ. ಇಲ್ಲಿ ಹೊಲವನ್ನು ಯಾರೂ ಸರ್ವೆ ನಂಬರಿನಿಂದ ಕರೆಯುವುದಿಲ್ಲ. ಹುಲಿ ಬಿದ್ದ ಹೊಲ, ಜಗಳದ ಹೊಲ, ಅಳಿಯನ ಹೊಲ. ಹುಲಿ ಎಲ್ಲಿ ಬಿತ್ತು ಎಂದು ಕೇಳಿದೆ, ಬಾವಿ ತೋರಿಸಿದರು. ಜಗಳ ಯಾತಕ್ಕೆ ಎಂದು ಕೇಳಿದೆ, ಅದು ಇನ್ನೂ ಮುಗಿದಿಲ್ಲವಂತೆ, ಹಾಗಾಗಿ ಯಾರೂ ಬಾಯಿ ಬಿಡಲಿಲ್ಲ.

ಎಲ್ಲಕ್ಕಿಂತ ಮೇಲೆ, ಗಾಳಿ ನೇರ ಬಂದು ಬಡಿಯುವಲ್ಲಿ, ಹನಮಂತವ್ವನ ಎರಡು ಎಕರೆ ಇದೆ. ಅದಕ್ಕೆ ಓಡಿಹೋದಾಕಿ ಹೊಲ ಎನ್ನುತ್ತಾರೆ.

೨

ಶಾಲೆಯ ಹೊರಗೋಡೆಯ ಮೇಲೆ ಊರಿನ ನಕಾಶೆ ಬರೆಸುವುದು ಸಿದ್ದರಾಮನ ಯೋಚನೆ. ಸಿದ್ದರಾಮ ಊರ ಹಿರಿಯ, ಹನಮಂತವ್ವನ ಗಂಡನ ಅಣ್ಣ. ಬಣ್ಣಕ್ಕೆ ಲಕ್ಷ್ಮೇಶ್ವರದಿಂದ ಗೌಸಸಾಬ ಬಂದಿದ್ದ. ನಕಾಶೆಯ ಕೆಳಗೆ ಊರಿನ ಇತಿಹಾಸ ಬರೆಯಲು ಬೆಟಗೇರಿಯಿಂದ ನಾನು, ಪ್ರಲ್ಹಾದ. ಮಗ್ಗದ ಮನೆಯವನು. ನೇಯಲು ಬಾರದ್ದರಿಂದ ಬರೆಯುತ್ತೇನೆ.

"ಪ್ರಲ್ಹಾದ ಅವರ, ಅದೊಂದು ಹೆಸರು ಬದಲಿ ಮಾಡ್ರಿ," ಎಂದ ಸಿದ್ದರಾಮ. "ನಾಳಿ ಉದ್ಘಾಟನಾಕ ದೊಡ್ಡ ಮಂದಿ ಬರತಾರ. ನಮ್ಮ ಮನಿತನದ ಹೊಲಕ್ಕ ಇಂಥಾ ಹೆಸರು ಓದಿದ್ರ ಏನಂದಾರು? ಲಕ್ಷ್ಮೀ ಹೊಲ ಅಂತ ಬರದು ಬಿಡ್ರಿ."

"ಸಂಕಟ ಆದ್ರ ನೀವು ಆ ಕಡಿ ನೋಡಬ್ಯಾಡ್ರಿ, ಭಾವಾರ," ಎಂದಳು ಹನಮಂತವ್ವ. ಬ್ರಷ್ ಕಸಿದುಕೊಂಡದ್ದು ಆಗಲೇ.

೩

ಯಾರು ಓಡಿಹೋದದ್ದು? ಎಲ್ಲಿಗೆ? ನನಗೆ ಬೇಕಾದದ್ದು ಇದು. ಬೆಳಿಗ್ಗೆ ಊರಲ್ಲಿ ಕೇಳುತ್ತ ತಿರುಗಿದ್ದೆ.

(ಅ) ಬಳೆಗಾರನ ಹಿಂದೆ ಮುಂಡರಗಿಗೆ ಇಳಿದು ಹೋದಳು. ಹೀಗೆಂದವರು ಗಂಡಸರು.

(ಆ) ಸಿಟ್ಟಿನಿಂದ ಗುಡ್ಡ ಹತ್ತಿದಳು, ಚಿರತೆ ತಿಂದಿತು. ಹೀಗೆಂದವರು ಅತ್ತೆಯಂದಿರು.

(ಇ) ಇದು ನನ್ನದು. ಹೊಲಕ್ಕೆ ಹೋಗಿ ಒಡ್ಡಿನ ಕಲ್ಲು ನೋಡಿದೆ. ಬೇರೆ ಹೊಲಗಳ ಒಡ್ಡಿನಲ್ಲಿ ನಾಲ್ಕು ಗಂಡಸರು ಹಾರೆ ಹಾಕಿ ಉರುಳಿಸಿದ ಬಂಡೆಗಳಿವೆ. ಇಲ್ಲಿ ಒಂದೇ ಒಂದು ದೊಡ್ಡ ಕಲ್ಲಿಲ್ಲ. ಎಲ್ಲವೂ ಒಬ್ಬ ಹೆಂಗಸು ಎತ್ತಿ ತಲೆಯ ಮೇಲೆ ಹೊರಬಹುದಾದಷ್ಟೇ. ದೊಡ್ಡ ಬಂಡೆಗಳು ಹೊಲದ ನಡುವೆಯೇ ಕೂತಿವೆ, ಎತ್ತುಗಳು ಇವತ್ತಿಗೂ ಅವನ್ನು ಸುತ್ತಿ ಹೋಗುತ್ತವೆ.

ಗೋಡೆಯ ಹತ್ತಿರ ಬಂದಾಗ ಗೌಸಸಾಬ ಕಾಲುದಾರಿಗಳನ್ನು ತಿದ್ದುತ್ತಿದ್ದ. "ಸಾಹೇಬ್ರ, ಹಳೀ ದಾರಿ ಎಲ್ಲಾ ಯಾಕ್ರಿ ಮ್ಯಾಲಿನ ಹೊಲಕ್ಕ ಬಂದು ಕೂಡತಾವ? ಊರು ಕೆಳಗ ಐತಲ್ರಿ!"

ಈಗ, ಬ್ರಷ್ಷಿನ ಜಗಳದ ನಡುವೆ, ಆ ಗೆರೆಗಳು ಮತ್ತೆ ಕಣ್ಣಿಗೆ ಬಿದ್ದವು. ನನಗೆ ಬಾಯಿ ಮುಚ್ಚಿಕೊಂಡು ಇರಲಾಗಲಿಲ್ಲ.

"ಆಕಿ ಇಲ್ಲಿಂದ ಓಡಿ ಹೋಗಿಲ್ರಿ! ಎಲ್ಲಿಂದಲೋ ಓಡಿ ಇಲ್ಲಿಗೆ ಬಂದಾಳ. ಒಬ್ಬಾಕೀನ ಕಲ್ಲು ಆರಿಸಿ ಹೊಲ ಮಾಡ್ಯಾಳ. ಊರು ಆಮ್ಯಾಲೆ ಬಂದೈತಿ. ಈ ಊರಿಗೆ ಮೊದಲು ಬಂದಾಕಿ ಆಕೀನ!"

"ಅಂದ್ರ ಊರ ಮಂದಿ ಎಲ್ಲಾರೂ ಓಡಿಬಂದಾಕಿ ಮಕ್ಕಳು ಅನ್ನರಿ," ಗೌಸಸಾಬ ನಕ್ಕ.

ಸಿದ್ದರಾಮ ನಗಲಿಲ್ಲ. ಟೋಪಿ ತೆಗೆದ. ಮೇಲಿನ ಹೊಲದ ಕಡೆ ತಿರುಗಿ ಕೈ ಮುಗಿದ.

"ಹಂಗಾದ್ರ ಆಕಿ ನಮ್ಮ ಊರವ್ವ. ಹೊಲದ ನಡುವ ಗುಡಿ ಕಟ್ಟಬೇಕು. ಪೂರ್ವಕ್ಕ ಮುಖ. ಬಂದ ಭಕ್ತರಿಗೆ ಒಂದು ಶೆಡ್. ಗಾಡಿ ನಿಲ್ಲಸಾಕ ಜಾಗಾ..."

(ನಾನು ಕಟ್ಟಿದ್ದು ಬರೀ ಒಂದು ಊಹೆ. ಅವನು ಅದಕ್ಕೆ ಪಾರ್ಕಿಂಗ್ ಕಟ್ಟಿದ.)

ಗುತ್ತಿಗೆದಾರನಿಗೆ ಫೋನ್ ಹಚ್ಚುತ್ತ ಸಿದ್ದರಾಮ ಮನೆಯ ಕಡೆ ಹೊರಟೇಬಿಟ್ಟ.

೪

ಹನಮಂತವ್ವ ಶಾಲೆಯ ಕಟ್ಟೆಯ ಮೇಲೆ ಕುಳಿತಳು.

"ಭಾಳ ಶಾಣ್ಯಾ ಅದೀ ತಮ್ಮಾ. ಆ ಕಲ್ಲು ನಾವು ನೋಡಿಲ್ಲೇನು?"

"ನೋಡೀರಿ? ಮತ್ತ ಯಾಕ ಯಾರಿಗೂ ಹೇಳಿಲ್ಲ?"

"ಹೇಳಿದ್ರ ಏನಾಗತೈತಿ ಅಂತ ಈಗ ಕಂಡೆಲ್ಲ! ಲಕ್ಕಪ್ಪನ ಹೊಲದಾಗ ಹಿಂಗ ಒಂದು ಕಲ್ಲು ಸಿಕ್ಕಿತ್ತು. ಅದರ ಮ್ಯಾಲೆ ಹೆಣ್ಮಗಳ ಕೈ ಕೊರದಾರ ಅಂತ ಅರಿಷಿಣ ಹಚ್ಚಿದ್ರು. ಆಮ್ಯಾಲೆ ಕಟ್ಟಿ, ಆಮ್ಯಾಲೆ ತಗಡು, ಆಮ್ಯಾಲೆ ದಾರಿ. ಈಗ ಲಕ್ಕಪ್ಪ ತನ್ನ ಹೊಲದಾಗ ತಾನ ಕಾಯಿ ಮಾರಕೋತ ಕುಂತಾನ."

ಸೀರೆಯ ಸೆರಗಿಗೆ ಬಣ್ಣ ಒರೆಸಿಕೊಂಡಳು. ಕಲೆ ಹೋಗಲಿಲ್ಲ.

"ನಮ್ಮ ಹೊಲಕ್ಕ ಹೆಸರು ಕೆಟ್ಟದೈತಿ. ಅದಕ್ಕ ಪಾಲು ಮಾಡುವಾಗ ಗಂಡಸರು ಯಾರೂ ಮುಟ್ಟಲಿಲ್ಲ. ಅತ್ತಿ ಕಡಿಂದ ಸೊಸಿಗೆ, ಸೊಸಿ ಕಡಿಂದ ಆಕಿ ಸೊಸಿಗೆ. ಯಾರೂ ಕೈ ಮುಗೀಲಿಲ್ಲ, ಯಾರೂ ಕೈ ಹಚ್ಚಲಿಲ್ಲ. ನೀ ಇವತ್ತ ಬಂದು ಮರ್ಯಾದಿ ಮಾಡಿದಿ."

ಗೋಡೆಯ ಬರಹಕ್ಕೆ ನಾನು ಮುಕ್ತಾಯಗಳನ್ನು ಮುಂದಿಟ್ಟೆ. (ನನ್ನಲ್ಲಿ ಇರುವುದು ಅವಷ್ಟೇ.)

ಮುಕ್ತಾಯ ಒಂದು: ಲಕ್ಷ್ಮೀ ಹೊಲ. "ಹೆಸರು ಚೊಲೋ ಆದ ಕೂಡಲೇ ಪಾಲು ಕೇಳತಾರ," ಎಂದಳು.

ಮುಕ್ತಾಯ ಎರಡು: ಮೊದಲು ಬಂದ ಹೆಂಗಸಿನ ಹೆಮ್ಮೆಯ ಕಥೆ, ಗುಡಿ ಇಲ್ಲದೆ. "ಹೆಮ್ಮಿ ಬಂದ್ರ ಗುಡಿ ಹಿಂದ ಬರತೈತಿ."

ಮುಕ್ತಾಯ ಮೂರು ಅವಳದೇ. "ಬಳಿಗಾರನ ಸಂಗಾಟ ಹ್ವಾದ್ಲು ಅಂತ ಬರಿ."

"ಅದು ಸುಳ್ಳಲ್ರಿ?"

"ನೀ ಕಥಿ ಬರಿಯಾಂವ ಹೌದಿಲ್ಲೋ? ಬಳಿಗಾರನ ಜೋಡಿ ಹೋದಾಕಿಗೆ ಯಾರು ಗುಡಿ ಕಟ್ಟತಾರ ಹೇಳು?"

ಗೌಸಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅವಳ ಮುಂದೆ ಕೈ ಚಾಚಿದ. ಅವಳು ಅವನ ಮುಖ ನೋಡಿ ಬ್ರಷ್ ಕೊಟ್ಟಳು. ಅವನು ಓಡಿಹೋದಾಕಿ ಹೊಲ ಎಂದು, ಇದ್ದದ್ದು ಇದ್ದ ಹಾಗೆ, ಹಳ್ಳಕ್ಕೆಂದು ಕಲಸಿದ ನೀಲಿಯಲ್ಲೇ ಬರೆದ. ಕೆಳಗೆ ನಾನು ಬಳೆಗಾರನನ್ನು ಬರೆದೆ. ಸುಣ್ಣದ ಗೋಡೆಯ ಮೇಲೆ, ನನ್ನ ಕೈಯಾರೆ, ಒಬ್ಬ ಇಲ್ಲದ ಬಳೆಗಾರ. (ನಾನು ಬರೆದದ್ದರಲ್ಲಿ ಯಾರಿಗಾದರೂ ಉಪಯೋಗವಾಗಬಹುದಾದ ಮೊದಲ ವಾಕ್ಯ.) ಸಿದ್ದರಾಮ ತಿರುಗಿ ಬಂದು ಇದರ ಮೇಲೆ ಸುಣ್ಣ ಬಳಿಸುತ್ತಾನೋ, ನಾಳೆ ದೊಡ್ಡ ಮಂದಿ ಓದಿ ಮುಸಿಮುಸಿ ನಗುತ್ತಾರೋ, ಹೊಲ ಉಳಿಯುತ್ತದೋ, ನನಗೂ ಗೊತ್ತಿಲ್ಲ. ಗೊತ್ತಿದ್ದರೂ ಹೇಳುತ್ತಿರಲಿಲ್ಲ. ಓದುಗರಲ್ಲಿ ಗುತ್ತಿಗೆದಾರರೂ ಇರುತ್ತಾರೆ.

ಆದರೆ ನನ್ನೊಳಗಿನ ಹುಳ ಸುಮ್ಮನಾಗಲಿಲ್ಲ. ಎಲ್ಲಿಂದ ಬಂದಳು? ಕತ್ತಲಲ್ಲಿ ಗುಡ್ಡ ಹತ್ತುವಾಗ ಸೆರಗಿನಲ್ಲಿ ಏನು ಕಟ್ಟಿಕೊಂಡಿದ್ದಳು? ಮೊದಲ ಕಲ್ಲು ಎತ್ತುವ ಮೊದಲು ಹಿಂದೆ ತಿರುಗಿ ನೋಡಿದಳೇ?

"ಯವ್ವಾ, ನನಗ ಪುರುಸೊತ್ತು ಐತಿ," ಎಂದೆ. "ಶಿಗ್ಲಿ, ಅಸುಂಡಿ, ಲಕ್ಷ್ಮೇಶ್ವರ, ಒಂದೊಂದು ಊರಿಗೂ ಹೋಗಿ ಹಿರ್ಯಾರನ್ನ ಕೇಳತೀನಿ. ಆಕಿ ಯಾರ ಮಗಳು, ಯಾವ ಮನಿ ಬಿಟ್ಟು ಬಂದಾಳ, ಹುಡುಕಿ ತರತೀನಿ. ಗ್ವಾಡಿ ಮ್ಯಾಲೆ ಬರಿಯಂಗಿಲ್ಲ. ಕಥಿಯೊಳಗೂ ಹಾಕಂಗಿಲ್ಲ. ನಿಮಗೊಬ್ಬರಿಗೇ ಹೇಳತೀನಿ."

ಹನಮಂತವ್ವ ಎದ್ದು ನಿಂತಳು.

"ಆಕಿ ಗಂಡನ ಮನಿಯವರು ಹುಡಿಕ್ಯಾಡಿ ಹುಡಿಕ್ಯಾಡಿ ದಣದು ಬಿಟ್ಟಾರ. ಈಗ ನೀ ಬೆನ್ನ ಹತ್ತಿದೇನು?"

"ಬರೇ ಹೆಸರು, ಯವ್ವಾ. ಆಕಿ ಹೆಸರಷ್ಟ."

"ಬ್ಯಾಡ."