ಮಾವ ಹಾಕಿದ ತಾರಸಿ

ನಮ್ಮ ಮಾವ ಗಾರೆ ಕೆಲಸದ ಮೇಸ್ತ್ರಿ. ಈ ಮನೆಯ ತಾರಸಿಯನ್ನು ಮೂವತ್ತೈದು ವರ್ಷದ ಹಿಂದೆ ಹಾಕಿದ್ದು ಅವರೇ. ಸೊಸೆಯಾದ ನಾನು ಕಟ್ಟಡಗಳು ಎಷ್ಟು ಭಾರ ತಡೆಯುತ್ತವೆಂದು ನೋಡುವ ಎಂಜಿನಿಯರು. ಒಂದೇ ಮನೆಯಲ್ಲಿ ಇಬ್ಬರು ಬಲ್ಲವರಿದ್ದರೆ ಏನಾಗಬೇಕೋ ಅದೇ ಆಗುತ್ತಿತ್ತು.

ಈ ಸಲದ ಜಗಳ ಶುರುವಾದದ್ದು ಅತ್ತೆಯಿಂದ. ಮಹಡಿಯ ಕೋಣೆಯಲ್ಲಿ ಬಟ್ಟೆ ಹೊಲಿಯುವ ಅವರು ಕಳೆದ ಬೇಸಿಗೆಯಲ್ಲಿ ಎರಡು ಸಲ ತಲೆ ಸುತ್ತಿ ಬಿದ್ದಿದ್ದರು. ಹೊಲಿಗೆ ಬಿಡಿ ಎಂದರೆ ಬಿಡುವವರ ಪೈಕಿಯಲ್ಲ. ತಾರಸಿಯ ಮೇಲೆ ಮಣ್ಣು ಹರಡಿ ಹುಲ್ಲು ಬೆಳೆಸಿದರೆ ಕೋಣೆ ತಂಪಾಗುತ್ತದೆ ಎಂದೆ. ಅತ್ತೆ ಹಿರಿಹಿರಿ ಹಿಗ್ಗಿದರು. ಮಾವ ಸುತರಾಂ ಒಪ್ಪಲಿಲ್ಲ.

“ಬೇರು ಇಳಿಯುತ್ತೆ, ನೀರು ಸೋರುತ್ತೆ. ಹತ್ತು ವರ್ಷ ಆದ್ಮೇಲೆ ಮಣ್ಣೆಲ್ಲ ಎತ್ತಿ ತೂತು ಹುಡುಕೋರು ಯಾರು? ತಿಂಗಳು ತಿಂಗಳೂ ಕಳೆ ಕೀಳೋರು ಯಾರು?”

“ಬೇರು ಇಳೀದ ಹಾಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸ್ತೀವಿ ಮಾವ. ಬಿಸಿಲು ತಾಗದೆ ಇದ್ರೆ ಅದು ಬಹಳ ವರ್ಷ ಬಾಳುತ್ತೆ. ಕಳೆ ನಾನು ಕೀಳ್ತೀನಿ.”

“ಇದ್ದ ಒಂದು ಕುಂಡದ ಗಿಡಾನೂ ಒಣಗಿಸಿದೋಳು ನೀನು!”

ಅದು ನಿಜ. ಆದರೂ ಸೋಲೊಪ್ಪುವುದು ನನ್ನ ಜಾಯಮಾನವಲ್ಲ. ಮೊದಲು ತಾರಸಿ ಸೋರುವುದಿಲ್ಲ ಎಂದು ತೋರಿಸಿಬಿಡೋಣವೆಂದು ಒಂದು ಭಾನುವಾರ ಬೆಳಿಗ್ಗೆ ನೀರು ಹೋಗುವ ತೂತುಗಳಿಗೆಲ್ಲ ಬಟ್ಟೆ ತುರುಕಿ, ಮೇಲೆ ಮೂರು ಬೆರಳು ನೀರು ನಿಲ್ಲಿಸಿದೆ. ಎರಡು ದಿನ ನಿಲ್ಲಬೇಕಿತ್ತು. ಊಟ ಮುಗಿಸಿ ಹತ್ತಿ ನೋಡಿದರೆ ನೀರೇ ಇಲ್ಲ! ಹತ್ತಿ ಬರುವಾಗ ನೋಡಿದ್ದೆ, ಕೋಣೆಯ ಛಾವಣಿಯಲ್ಲಿ ಒಂದು ಹನಿಯೂ ಇಳಿದಿರಲಿಲ್ಲ. ನಾನು ತುರುಕಿದ್ದ ಬಟ್ಟೆ ತೂತಿನ ಬಳಿ ನಿಂತಿದ್ದ ಮಾವನ ಕೈಯಲ್ಲಿತ್ತು.

ನನಗೆ ಪಿತ್ತ ನೆತ್ತಿಗೇರಿತು. “ಏನು ಮಾವ ಇದು, ಮಕ್ಕಳಾಟಾನಾ?”

ಅವರು ನನ್ನನ್ನು ನೋಡಲಿಲ್ಲ. ನನ್ನ ಹಿಂದೆಯೇ ಹತ್ತಿ ಬಂದಿದ್ದ ಅತ್ತೆಯನ್ನು ನೋಡಿದರು.

“ನಿನ್ನ ಕೋಣೆ ಮೇಲೆ, ಆ ಮೂಲೇಲಿ, ಅವತ್ತು ಕಂಬಿ ಸಾಲಲಿಲ್ಲ. ದೂರದೂರ ಇಟ್ಟು ಕಾಂಕ್ರೀಟು ಸುರಿದುಬಿಟ್ಟೆ. ಊರವರ ಮನೆಗೆಲ್ಲ ಸರಿಯಾಗಿ ಹಾಕಿದೋನು ನಾನು. ಆ ಮೂಲೇಲಿ ಇವತ್ತಿನವರೆಗೂ ಒಂದು ಬಕೆಟ್ ಇಡೋಕೆ ಬಿಟ್ಟಿಲ್ಲ. ಈಗ ಇಷ್ಟು ನೀರು, ಕೆಳಗೆ ನೀನು...”

ಜನ್ಮದಲ್ಲಿ ಯಾರೆದುರಿಗೂ ತಪ್ಪೊಪ್ಪದ ಮನುಷ್ಯ. ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆ ಮೂಲೆಗೆ ಅಡಿಯಿಂದ ಕಬ್ಬಿಣದ ತೊಲೆ ಕೊಟ್ಟರಾಯಿತು, ಮಣ್ಣನ್ನೂ ತೆಳುವಾಗಿ ಹಾಸೋಣ ಎಂದೆ. ಅವರ ಕಿವಿಗೆ ಬೀಳಲಿಲ್ಲ. ಅತ್ತೆ ಏನನ್ನುತ್ತಾರೋ ಎಂದು ಕಾಯುತ್ತಿದ್ದರು.

“ಗೊತ್ತಿತ್ತು,” ಎಂದರು ಅತ್ತೆ. “ಕಂಬಿ ಎತ್ತಿ ಕೊಟ್ಟೋಳೇ ನಾನು. ನನಗೆ ಎಣಿಸೋಕೆ ಬರಲ್ವಾ?”

“ಮತ್ತೆ ಹೇಳಲಿಲ್ಲ ಯಾಕೆ?” ಎಂದರು ಮಾವ.

“ಹೇಳಿದ್ರೆ ಕೆಲಸ ನಿಲ್ಲಿಸ್ತಿದ್ರಿ. ಇವಳ ಗಂಡ ಆಗ ಹೊಟ್ಟೇಲಿದ್ದ. ನಮ್ಮ ಮನೇಲೇ ಹೆರಬೇಕು ಅಂತ ನನಗೆ ಹಟ. ತಪ್ಪು ಇಬ್ಬರದೂ ಅಲ್ವಾ? ಇಷ್ಟು ವರ್ಷ ಒಬ್ಬರೇ ಹೊತ್ಕೊಂಡು ಓಡಾಡಿದ್ರಾ?”

ಮಾವ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ತೊಲೆ ಎಷ್ಟುದ್ದ ಬೇಕು ಹೇಳಮ್ಮ, ಈ ಸಲ ಕಡಿಮೆ ಬೀಳಬಾರದು” ಎಂದರು.