ಆರನೆಯ ಕಾಲಂ

ನಾದಿನಿಗೆ ನಮ್ಮ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಕೊಡಿಸಿದವಳು ನಾನೇ. ಎರಡೇ ವರ್ಷದಲ್ಲಿ ಅವಳು ನನ್ನನ್ನು ಮೀರಿಸಿದಳು. ಅತ್ತೆ ಊಟದ ಹೊತ್ತಿಗೆ "ನನ್ನ ಮಗಳ ಕೈ ಬಲು ಚುರುಕು" ಎಂದಾಗಲೆಲ್ಲ ನಾನು ತಟ್ಟೆ ನೋಡುತ್ತ ತಲೆಯಾಡಿಸುತ್ತಿದ್ದೆ. ಪ್ರಯೋಗಾಲಯದಲ್ಲಿ ತೆರೆಯಲಿದ್ದ ಹೊಸ ವಿಭಾಗ ಯಾರ ಕೈಗೆ ಎಂಬುದು ಸೋಮವಾರದ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಕಣದಲ್ಲಿ ಇದ್ದವರು ನಾವಿಬ್ಬರೇ.

ವಾರದ ಫಲಿತಾಂಶಗಳನ್ನು ಕೋಷ್ಟಕವಾಗಿ ಪರದೆಗೆ ತರುವ ಕೋಡ್ ನನ್ನದು. ಶುಕ್ರವಾರ ಅದನ್ನು ಓಡಿಸಿ ನೋಡಿದೆ. ಐದನೆಯ ಕಾಲಂ ಫ್ಲೋರೈಡ್; ಆರನೆಯ, ಅಂದರೆ ಕೊನೆಯ ಕಾಲಂ 'ಪರೀಕ್ಷಿಸಿದವರು'. ನಲವತ್ತು ಮಾದರಿಗಳಲ್ಲಿ ಮೂವತ್ತೊಂದರ ಎದುರು ಅವಳ ಹೆಸರು, ಒಂಬತ್ತರ ಎದುರು ನನ್ನದು. ಸೋಮವಾರದ ಸಭೆಯಲ್ಲಿ ಎಲ್ಲರೂ ನೋಡುವುದು ಇದೇ ಕೋಷ್ಟಕವನ್ನು. ಅಳಿಸಿಹಾಕುವಷ್ಟು ಕೆಟ್ಟವಳಲ್ಲ ನಾನು. ಮಾಹಿತಿ ಇದ್ದಲ್ಲೇ ಇರಲಿ, ಕಣ್ಣಿಗೆ ಬೀಳದಿದ್ದರೆ ಸಾಕು. ಆರನೆಯ ಕಾಲಂ ತೋರಿಸಬೇಡ ಎಂದು ಕೋಡಿಗೆ ಒಂದು ಸಾಲು ಸೇರಿಸಿದೆ. ಕಾಲಮನ್ನು ಹೆಸರಿನಿಂದಲೇ ಕರೆಯಬೇಕು, ಸಂಖ್ಯೆಯನ್ನು ನಂಬಬಾರದು ಎಂದು ಹೊಸಬರಿಗೆ ಪಾಠ ಹೇಳುವವಳೂ ನಾನೇ. ಆದರೆ 'ಪರೀಕ್ಷಿಸಿದವರು' ಎಂದು ಟೈಪ್ ಮಾಡಲು ಕೈ ಬರಲಿಲ್ಲ.

ಸೋಮವಾರ ಕೋಷ್ಟಕ ಗೋಡೆಯ ಮೇಲೆ ಮೂಡಿತು.

"ಫ್ಲೋರೈಡ್ ಎಲ್ರೀ?" ಎಂದರು ನಿರ್ದೇಶಕರು. "ನೀರಲ್ಲೇ ಕರಗಿ ಹೋಯ್ತಾ?"

ಎಲ್ಲರೂ ನಕ್ಕರು. ಬಲತುದಿಯಲ್ಲಿ ಅವಳ ಹೆಸರು ಮೇಲಿಂದ ಕೆಳಗಿನವರೆಗೆ ಇರುವೆಸಾಲಿನಂತೆ ಇಳಿದಿತ್ತು. ಕೋಷ್ಟಕವನ್ನು ಪಕ್ಕಕ್ಕೆ ಸರಿಸಿ ಕೋಡ್ ತೆರೆದೆ.

ನಾದಿನಿ ಬಾಗಿ ನೋಡಿದಳು. "ನಂದೇ ತಪ್ಪು ಅತ್ತಿಗೆ. ಬೆಳಿಗ್ಗೆ ನಡುವೆ ಉಷ್ಣತೆ ಅಂತ ಒಂದು ಕಾಲಂ ಸೇರಿಸ್ದೆ, ನಿಮಗೆ ಹೇಳೋದು ಮರ್ತೆ. ಎಲ್ಲಾ ಒಂದೊಂದು ಮನೆ ಮುಂದೆ ಹೋಗಿದೆ. ಆರು ತೆಗೆದು ಏಳು ಹಾಕಿ, ಸರಿಹೋಗುತ್ತೆ."

ಹೇಳಿ ಮುಗಿಸಿ ಅವಳು ಏಳನೆಯ ಕಾಲಂ ಯಾವುದೆಂದು ನೋಡಿದಳು. ಅವಳ ಮುಖದ ಮೇಲಿನ ಉತ್ಸಾಹ ಮೆಲ್ಲಗೆ ಇಳಿಯಿತು.

"ಪರೀಕ್ಷಿಸಿದವರ ಕಾಲಂ ಯಾಕೆ ಮುಚ್ಚೋಕೆ ಹೋಗಿದ್ರಿ?" ನಿರ್ದೇಶಕರು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು, "ಪರದೆ ಮೇಲೆ ಜಾಗ ಸಾಲ್ತಿರ್ಲಿಲ್ಲ ಸರ್, ಅದಕ್ಕೆ."

ಅವಳು ನಾಲ್ಕು ಜನರೆದುರು ಬೈದಿದ್ದರೆ ತಲೆ ತಗ್ಗಿಸಿ ಕೂರುತ್ತಿದ್ದೆ. ಆದರೆ ಅವಳು ನನ್ನನ್ನು ಕಾಪಾಡಿದಳು. ಇದರಲ್ಲೂ ಅವಳೇ ಮುಂದೆ.

"ಜಾಗ ಬೇಕಾದಷ್ಟಿತ್ತು ಸರ್," ಎಂದೆ. "ಅವಳ ಹೆಸರು ಕಾಣ್ದೇ ಇರ್ಲಿ ಅಂತ ಮುಚ್ಚಿದ್ದು." ಆ ಸಾಲನ್ನು ಅಳಿಸಿದೆ. ಫ್ಲೋರೈಡ್ ಬಂದು ತನ್ನ ಜಾಗದಲ್ಲಿ ನಿಂತಿತು.

ವಿಭಾಗ ಅವಳಿಗೆ ಹೋಯಿತು. ಮೆಟ್ಟಿಲಿಳಿಯುವಾಗ ಅವಳು ನನ್ನ ತೋಳು ಹಿಡಿದಳು. "ಯಾಕೆ ಹೇಳೋಕೆ ಹೋದ್ರಿ ಅತ್ತಿಗೆ? ನಾನು ಸಂಭಾಳಿಸ್ತಿದ್ನಲ್ಲ."

"ಅದಕ್ಕೇ ಹೇಳಿದ್ದು," ಎಂದೆ.